ಬನ್ ತಾತನ ಮೊಡವೆ

ಅರವತ್ತಾರನೆಯ ವಯಸ್ಸಿನಲ್ಲಿ ಮಾವನ ಮೂಗಿನ ಮೇಲೆ ಮೊಡವೆ ಎದ್ದಾಗ ಮನೆಯವರು ಮೊದಲು ಮಾಡಿದ ಕೆಲಸವೆಂದರೆ ನಕ್ಕದ್ದು. ಅವರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದು ತಿಳಿದ ದಿನದಿಂದ ಆ ಮನೆಯಲ್ಲಿ ಯಾರೂ ಮನಸಾರೆ ನಕ್ಕಿರಲಿಲ್ಲ. ಹಾಗಾಗಿ ಸಿಕ್ಕಿದ ನೆಪವನ್ನು ಯಾರೂ ಬಿಟ್ಟುಕೊಡಲಿಲ್ಲ.

“ತಾತ, ನೀವೂ ಈ ಸಲ ಹತ್ತನೇ ಕ್ಲಾಸಾ?” ಅಂದಳು ಮೊಮ್ಮಗಳು ಚೂಟಿ. ಅವಳ ಹಣೆಯ ಮೇಲೂ ಅಂಥವೇ ಎರಡು ಇದ್ದವು.

“ನಾನು ನಿನಗಿಂತ ಮುಂದೆ ಕಣೇ. ನಿನ್ನದು ಎರಡು. ನನ್ನದು ಕನ್ನಡಿಯಲ್ಲಿ ಕಂಡದ್ದೇ ಆರು, ಕಾಣದೆ ಇರೋದು ಎಷ್ಟೋ.”

“ತಾತ ಮೊಮ್ಮಗಳು ಇದಕ್ಕೂ ಪಂದ್ಯ ಕಟ್ಟಬೇಡಿ,” ಅಂದರು ಅತ್ತೆ, ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ. “ನಮ್ಮ ಮದುವೆ ದಿನ ಕೂಡ ಈ ಮುಖಕ್ಕೆ ಇಷ್ಟು ಹರೆಯ ಬಂದಿರಲಿಲ್ಲ.”

ಆ ಮನೆಯೆಂದರೆ ಮುಂದೆ ಬೇಕರಿ, ಹಿಂದೆ ಭಟ್ಟಿ, ಮೇಲೆ ಮೂರು ಕೋಣೆ. ಮಾವ ನಲವತ್ತು ವರ್ಷ ಆ ಭಟ್ಟಿಯ ಮುಂದೆ ನಿಂತವರು. ಬೀದಿಯ ಮಕ್ಕಳಿಗೆಲ್ಲ ಅವರು ಬನ್ ತಾತ. ಕಾಯಿಲೆ ಬಂದ ಮೇಲೆ ಭಟ್ಟಿ ಪೂರ್ತಿಯಾಗಿ ಮಗನ ಕೈಗೆ ಹೋಗಿತ್ತು. ಗಲ್ಲಾದಲ್ಲಿ ಕೂರುವವಳು ಸೊಸೆ. ಚೂಟಿ ಹುಟ್ಟಿದಾಗ ಈ ಸೊಸೆ ಮೂರು ತಿಂಗಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಆಗ ಮಾವ ತೊಟ್ಟಿಲನ್ನು ಹಿಟ್ಟು ನಾದುವ ಮೇಜಿನ ಪಕ್ಕಕ್ಕೆ ತಂದಿಟ್ಟುಕೊಂಡು, ಒಂದು ಕಾಲಿನಿಂದ ತೂಗುತ್ತಾ, ಎರಡು ಕೈಯಿಂದ ಬನ್ನಿನ ಉಂಡೆ ಕಟ್ಟಿ, ಕೂಸನ್ನೂ ವ್ಯಾಪಾರವನ್ನೂ ಒಟ್ಟಿಗೇ ಸಂಭಾಳಿಸಿದ್ದರು. ಸೊಸೆ ಅದನ್ನು ಎಂದೂ ಮರೆತವಳಲ್ಲ, ಬಾಯಿಬಿಟ್ಟು ಹೇಳಿದವಳೂ ಅಲ್ಲ. ಈಗ ಅವರ ಮಾತ್ರೆ, ಊಟ, ಆಸ್ಪತ್ರೆಯ ಓಡಾಟ ಎಲ್ಲ ತನ್ನದೇ ಎಂದು ಅವಳು ಮೈಮೇಲೆ ಹಾಕಿಕೊಂಡಿದ್ದಳು. ಮಾವ ಬದುಕಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ದಿನಕ್ಕೊಂದು ಮಾತ್ರೆ. ಗಡ್ಡೆಯನ್ನೇ ಗುರಿಯಿಟ್ಟು ಹೊಡೆಯುವ ಮಾತ್ರೆಯಂತೆ. ಕೂದಲು ಉದುರುವುದಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಇಷ್ಟು ಸುಲಭವೇ ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಈ ಮೊಡವೆಗಳು ಬಂದು ಕೂತವು.

ಚೂಟಿ ತಾನು ಹಚ್ಚುವ ಮೊಡವೆಯ ಲೋಷನ್ನನ್ನು ಧಾರಾಳವಾಗಿ ತಾತನಿಗೆ ಕೊಟ್ಟಳು. ತಾತ ಅಷ್ಟೇ ಧಾರಾಳವಾಗಿ ಮುಖಕ್ಕೆಲ್ಲ ಬಳಿದುಕೊಂಡರು. ಸ್ವಲ್ಪ ಹೊತ್ತಿಗೆ ಮುಖವೆಲ್ಲ ಉರಿ ಕಿತ್ತುಕೊಂಡು ನಲ್ಲಿಯ ಕೆಳಗೆ ತಲೆ ಹಿಡಿದು ಕೂತರು. ಮರುದಿನ ಆರಿದ್ದದ್ದು ಅರವತ್ತಾಗಿತ್ತು. ಕೆನ್ನೆ, ಗಲ್ಲ, ನೆತ್ತಿ, ಎದೆ, ಎಲ್ಲಿ ನೋಡಿದರೂ ಕೆಂಪು ಗುಳ್ಳೆ. ನಗು ನಿಂತುಹೋಯಿತು. ಸೊಸೆ ಬೇಕರಿಯ ಅರ್ಧ ಬಾಗಿಲು ಎಳೆದು, ಗಂಡನನ್ನು ಗಲ್ಲಾದಲ್ಲಿ ಕೂರಿಸಿ, ಅತ್ತೆ ಮಾವನನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರಮ್ಮ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. “ಇದು ಮೊಡವೆ ಅಲ್ಲ. ಮೊಡವೆ ಔಷಧಿ ಇದರ ಹತ್ತಿರವೂ ತರಬೇಡಿ. ನೀವು ತಗೊಳ್ತಿರೋ ಮಾತ್ರೆಯಿಂದ ಬಂದ ಗುಳ್ಳೆ ಇದು. ಹೆದರಬೇಡಿ. ತುಂಬಾ ಜನರಲ್ಲಿ ಇದು ಮಾತ್ರೆ ಕೆಲಸ ಮಾಡ್ತಿದೆ ಅನ್ನೋದರ ಸೂಚನೆ. ಆದರೆ ಹಾಗೇ ಬಿಡೋ ಹಾಗಿಲ್ಲ...”

‘ಮಾತ್ರೆ ಕೆಲಸ ಮಾಡ್ತಿದೆ’ ಎಂಬಲ್ಲಿಗೆ ಅತ್ತೆಯ ಕಿವಿ ಮುಚ್ಚಿಹೋಯಿತು. ಮುಂದಿನದ್ದೆಲ್ಲ ಕೇಳಿಸಿಕೊಂಡವಳು ಸೊಸೆ ಒಬ್ಬಳೇ. ಬಿಸಿನೀರಲ್ಲಿ ಮುಖ ತೊಳೆಯಬಾರದು. ಒರೆಸುವಾಗ ಉಜ್ಜಬಾರದು, ಬಟ್ಟೆ ಒತ್ತಿ ತೆಗೆಯಬೇಕು. ಬೆಳಿಗ್ಗೆ ಸಂಜೆ ಮುಲಾಮು, ಮೈಗೆಲ್ಲ ಒಣಗದಂತೆ ಕ್ರೀಮು, ಕೀವು ಆಗದ ಹಾಗೆ ಒಂದು ಕ್ಯಾಪ್ಸೂಲು. ಬಿಸಿಲು ಬೇಡ. ಮುಖ್ಯವಾಗಿ ಭಟ್ಟಿಯ ಬಿಸಿ ಬೇಡವೇ ಬೇಡ.

“ಭಟ್ಟಿ ಬೇಡ ಅಂದ್ರೆ ಹೇಗಮ್ಮಾ? ಮೀನಿಗೆ ನೀರು ಬೇಡ ಅಂದ ಹಾಗಾಯ್ತು,” ಅಂದರು ಮಾವ.

“ಮೀನಿಗೆ ಈ ಗುಳ್ಳೆ ಬರಲ್ಲ ಬಿಡಿ,” ಅಂದರು ಡಾಕ್ಟರಮ್ಮ.

ಮನೆಗೆ ಬಂದವರೇ ಅತ್ತೆ ಪಕ್ಕದ ಮನೆಯ ಟೀಚರಮ್ಮನನ್ನು ಕರೆದು ಗಂಡನ ಮುಖವನ್ನು ತೋರಿಸಿದರು. “ನೋಡಿ, ಎಷ್ಟು ಚೆನ್ನಾಗಿ ಬಂದಿದೆ! ಮಾತ್ರೆ ಮೈಗೆ ಹತ್ತಿದೆಯಂತೆ.” ಟೀಚರಮ್ಮ ಅಭಿನಂದಿಸಬೇಕೋ ಅಯ್ಯೋ ಅನ್ನಬೇಕೋ ತಿಳಿಯದೆ ಎರಡು ಬನ್ ಕಟ್ಟಿಸಿಕೊಂಡು ಹೋದರು. ಅಂದು ಮನೆಯಲ್ಲಿ ತರಕಾರಿ ಸೂಪಿಗೆ ಬೆಣ್ಣೆ ಎರಡರಷ್ಟು ಬಿತ್ತು. ಬೆನ್ನಿನ ಮೇಲೂ ಗುಳ್ಳೆ ಎದ್ದಿದೆ ಎಂದು ತಿಳಿದಾಗ ಅತ್ತೆಯ ಮುಖ ಇನ್ನಷ್ಟು ಅರಳಿತು.

ಮರುದಿನದಿಂದ ಸೊಸೆಯ ಮುಲಾಮು ಶುರುವಾಯಿತು. ಬೆಳಗಿನ ಬ್ರೆಡ್ ಗಿರಾಕಿಗಳು ಕರಗಿದ ಮೇಲೆ ಮಾವನನ್ನು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂರಿಸುವಳು. ಮೊದಲ ದಿನ ಇಬ್ಬರಿಗೂ ಸಂಕೋಚ. ಮಾವನ ಮುಖವನ್ನು ಅವಳು ಹಿಂದೆಂದೂ ಮುಟ್ಟಿರಲಿಲ್ಲ. ಎರಡನೆಯ ದಿನದ ಹೊತ್ತಿಗೆ ಮಾವ ಮೇಸ್ತ್ರಿಯಾಗಿ ಕೂತರು.

“ಇದೇನು, ಗೋಡೆಗೆ ಸುಣ್ಣ ಹೊಡೀತಿದ್ದೀಯಾ? ಬನ್ನಿಗೆ ಬೆಣ್ಣೆ ಸವರೋ ಹಾಗೆ ತೆಳ್ಳಗೆ ಸವರು. ಬೆರಳಿನ ತುದಿಯಲ್ಲಿ.”

“ಬನ್ನು ಹೀಗೆ ಮಾತಾಡಲ್ಲ ಮಾವ. ಬಾಯಿ ಮುಚ್ಚಿ, ಮೂಗಿನ ಹತ್ರ ಬಂದೆ.”

ಮುಲಾಮು ತನ್ನ ಕೆಲಸ ಮಾಡಿತು. ಎರಡು ವಾರ ಕಳೆಯುವಷ್ಟರಲ್ಲಿ ಕೆಂಪು ಇಳಿದು, ಗುಳ್ಳೆಗಳು ಒಣಗಿ, ಮಾವನ ಮುಖ ಮೊದಲಿನ ಮುಖವಾಯಿತು. ಸೊಸೆ ಗೆದ್ದವಳ ಹಾಗೆ ಓಡಾಡಿದಳು. ಮನೆಯಲ್ಲಿ ಬೇರೆ ಯಾರೂ ಗೆದ್ದ ಹಾಗೆ ಕಾಣಲಿಲ್ಲ.

ಅತ್ತೆ ಬೆಳಿಗ್ಗೆ ಎದ್ದೊಡನೆ ಗಂಡನ ಮುಖವನ್ನು ನೋಡುವರು, ನಿಟ್ಟುಸಿರು ಬಿಡುವರು. ಮಾವ ಶೇವಿಂಗ್ ಕನ್ನಡಿಯ ಮುಂದೆ ಗಲ್ಲವನ್ನು ಆಚೆ ಈಚೆ ತಿರುಗಿಸಿ ಏನನ್ನೋ ಹುಡುಕುವರು. ಸೊಸೆಯ ಗಂಡ ಕೂಡ ಒಂದು ದಿನ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತಾ, “ಅಪ್ಪನ ಮುಖ ಪೂರ್ತಿ ಖಾಲಿ ಆಗಿಬಿಡ್ತಲ್ಲ?” ಅಂದ. ಖಾಲಿ ಎಂಬ ಮಾತು ಸೊಸೆಗೆ ವಿಚಿತ್ರವಾಗಿ ಕೇಳಿಸಿತು. ಗಿರಾಕಿ ಬಂದದ್ದರಿಂದ ಅದು ಅಲ್ಲಿಗೇ ನಿಂತಿತು.

ಮಾತು ಹೊರಬಿದ್ದದ್ದು ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ.

“ಒಂದು ಕೇಳ್ಲಾ?” ಅಂದರು ಅತ್ತೆ, ಆಲೂಗಡ್ಡೆಯ ತಟ್ಟೆಯನ್ನು ಸೊಸೆಯ ಕಡೆ ಕೊಂಚ ಜೋರಾಗಿಯೇ ತಳ್ಳಿ. “ಗುಳ್ಳೆ ಬಂದ್ರೆ ಮಾತ್ರೆ ಕೆಲಸ ಮಾಡ್ತಿದೆ ಅಂದ್ರು. ಈಗ ಗುಳ್ಳೆ ಇಲ್ಲ. ಹಾಗಾದ್ರೆ ಏನರ್ಥ?”

“ಮುಲಾಮು ಕೆಲಸ ಮಾಡ್ತಿದೆ ಅಂತ ಅರ್ಥ ಅತ್ತೆ.”

“ಅದೇ ನಾನೂ ಹೇಳೋದು. ನಿನ್ನ ಮುಲಾಮು ಕೆಲಸ ಮಾಡ್ತಿದೆ, ಮಾತ್ರೆ ನಿಂತಿದೆ. ಅದು ಬೆಂಕಿ ಹಚ್ಚೋದು, ನೀನು ನೀರು ಸುರಿಯೋದು.”

“ಅಜ್ಜಿ, ಅದು ಹಾಗಲ್ಲ...” ಎಂದು ಚೂಟಿ ಬಾಯಿ ಹಾಕಿದಳು.

“ನೀನು ಸುಮ್ಮನಿರು. ನಿನ್ನ ಲೋಷನ್ ಆಯ್ತು, ಈಗ ಉಪದೇಶ ಬೇರೆ.”

ಸೊಸೆ ಮಾವನ ಮುಖ ನೋಡಿದಳು. ಅವರಾದರೂ ತನ್ನ ಪರ ನಿಲ್ಲುತ್ತಾರೆ ಎಂದುಕೊಂಡಿದ್ದಳು. ಮಾವ ತಟ್ಟೆಯಲ್ಲಿನ ಬ್ರೆಡ್ಡಿನ ಅಂಚನ್ನು ಮುರಿಯುತ್ತಾ ಕೂತಿದ್ದರು. “ಭಟ್ಟಿ ಬಿಸಿ ಇದ್ರೆ ಬ್ರೆಡ್ಡಿನ ಮೇಲೆ ಬಣ್ಣ ಬರುತ್ತಮ್ಮಾ,” ಅಂದರು ಮೆಲ್ಲಗೆ. “ಬಣ್ಣ ಬರ್ತಿಲ್ಲ ಅಂದ್ರೆ ಭಟ್ಟಿ ಆರಿದೆ ಅಂತ. ನಲವತ್ತು ವರ್ಷ ನಾನು ನೋಡಿರೋದು ಅಷ್ಟೇ.”

“ಹಾಗಿದ್ರೆ ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳ್ತೀನಿ.”

“ಬೇಡ ಬೇಡ. ಇಷ್ಟಕ್ಕೆಲ್ಲ ಅವರನ್ನ ಯಾಕೆ ಗೋಳು ಹುಯ್ಕೊಳ್ಳೋದು. ಆ ಟ್ಯೂಬ್ ನನ್ನ ಕೈಗೆ ಕೊಡು, ಇನ್ಮೇಲೆ ನಾನೇ ಹಚ್ಕೋತೀನಿ. ನಿನಗೂ ಗಲ್ಲಾ ಬಿಟ್ಟು ಬರೋ ತಾಪತ್ರಯ ತಪ್ಪುತ್ತೆ.”

ಆಗಲೇ ಸೊಸೆ ಗಟ್ಟಿಯಾಗಿ ಇಲ್ಲ ಎನ್ನಬೇಕಿತ್ತು. ಆದರೆ ಅತ್ತೆಯ ಮಾತು ಅವಳಿಗೆ ಚುಚ್ಚಿತ್ತು. ಮಾವನನ್ನು ಉಳಿಸಲು ಹೊರಟವಳ ಮೇಲೆ ಮಾವನನ್ನು ಕೊಲ್ಲುವ ಆರೋಪ ಬಂದರೆ ಯಾರಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ? ಟ್ಯೂಬು, ಕ್ಯಾಪ್ಸೂಲು ಎರಡನ್ನೂ ತಂದು ಮಾವನ ತಟ್ಟೆಯ ಪಕ್ಕ ಠಕ್ಕನೆ ಇಟ್ಟಳು. “ತಗೊಳ್ಳಿ. ನನ್ನ ಕೈಗುಣ ಸರಿಯಿಲ್ಲ.” ಪಾತ್ರೆ ತೊಳೆಯುವಾಗ ಅಂದು ಅಡುಗೆಮನೆಯಲ್ಲಿ ವಿಪರೀತ ಸದ್ದಾಯಿತು.

ಗುಳ್ಳೆಗಳು ವಾಪಸ್ ಬಂದವು. ಅತ್ತೆಯ ಮುಖದಲ್ಲಿ ಕಳೆ ಬಂತು. ಮಾವ ಕೆಳಗಿಳಿದು ಬಂದು ಗಿರಾಕಿಗಳನ್ನು ಮಾತಾಡಿಸತೊಡಗಿದರು. “ಏನು ಬನ್ ತಾತ, ಮುಖ ಹೀಗಾಗಿದೆ?” ಎಂದು ಯಾರಾದರೂ ಕೇಳಿದರೆ, “ಒಳಗೆ ಕೆಲಸ ಜೋರಾಗಿ ನಡೀತಿದೆ,” ಎಂದು ಹೆಮ್ಮೆಯಿಂದ ಹೇಳುವರು. ಕೆಲವು ಗಿರಾಕಿಗಳು ಅವರು ಕೊಟ್ಟ ಬ್ರೆಡ್ ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರು. ಸೊಸೆ ಅದನ್ನು ನೋಡಿಯೂ ನೋಡದವಳಂತೆ ಚಿಲ್ಲರೆ ಕೊಟ್ಟಳು. ಮಾತು ಬಿಟ್ಟಿದ್ದಳಲ್ಲ, ಈಗ ತಾನಾಗಿ ಮಾತು ತೆಗೆಯುವುದು ಹೇಗೆ?

ಆದರೆ ನೋಡದೆ ಇರಲು ಆಗುತ್ತದೆಯೇ? ದಿಂಬಿನ ಬಟ್ಟೆಯ ಮೇಲೆ ಹಳದಿ ಕಲೆ ಕಂಡಳು. ಮಾವ ಚಮಚ ಹಿಡಿಯುವಾಗ ಹೆಬ್ಬೆರಳನ್ನು ದೂರ ಇಡುತ್ತಿದ್ದರು. ಉಗುರಿನ ಬದಿ ಊದಿಕೊಂಡಿತ್ತು, ಬೆರಳ ತುದಿಗಳು ಒಣಗಿ ಸೀಳಿದ್ದವು. ಅಂಗಿಯ ಗುಂಡಿಯನ್ನು ಅತ್ತೆ ಹಾಕಿಕೊಡುತ್ತಿದ್ದರು. ಟ್ಯೂಬೇನೋ ದಿನದಿಂದ ದಿನಕ್ಕೆ ಸೊರಗುತ್ತಿತ್ತು. ಮುಲಾಮು ಖರ್ಚಾಗುತ್ತಿದೆ, ಆದರೂ ಮುಖ ಹೀಗೇಕೆ? ಮಾತ್ರೆ ಜಾಸ್ತಿಯಾಯಿತೇ, ಮುಲಾಮು ಸೋತಿತೇ? ಅವಳ ಕೋಪವನ್ನು ಹೆದರಿಕೆ ತಿಂದುಹಾಕಿತು.

ಒಂದು ಮಧ್ಯಾಹ್ನ ಖಾಲಿ ಟ್ರೇಗಳನ್ನು ಇಡಲು ಅವಳು ಹಿಂದಿನ ಭಟ್ಟಿಮನೆಗೆ ಹೋದಳು. ರಸ್ಕ್ ಬೇಯುವ ಹೊತ್ತು. ಗಂಡ ಮೂಲೆಯ ಮೇಜಿನ ಮೇಲೆ ಹಿಟ್ಟು ತೂಗುತ್ತಿದ್ದ. ಭಟ್ಟಿಯ ಬಾಗಿಲು ತೆರೆದಿತ್ತು. ಅದರ ಮುಂದೆ ಮಾವ ಕಣ್ಣು ಮುಚ್ಚಿ, ಎಡಗೆನ್ನೆಯನ್ನು ಬಿಸಿಗೆ ಒಡ್ಡಿ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನಿಧಾನವಾಗಿ ತಿರುಗಿ ಬಲಗೆನ್ನೆ ಒಡ್ಡಿದರು. ಪಕ್ಕದ ಗೂಟದಲ್ಲಿ ನೇತುಬಿದ್ದ ಟ್ರೇ ಒರೆಸುವ ಬಟ್ಟೆಯ ಮೇಲೆ ಬೆಳ್ಳಗೆ ಮುಲಾಮು ಮೆತ್ತಿಕೊಂಡಿತ್ತು.

ಟ್ರೇಗಳು ಕೈಜಾರಿ ನೆಲದ ಮೇಲೆ ಬಿದ್ದ ಸದ್ದಿಗೆ ಮಾವ ಕಣ್ಣು ಬಿಟ್ಟರು.

“ಏನ್ ಮಾಡ್ತಿದ್ದೀರಾ ಮಾವ?”

“ರಸ್ಕ್... ರಸ್ಕ್ ನೋಡ್ತಿದ್ದೆ.”

“ಕಣ್ಣು ಮುಚ್ಕೊಂಡು ನೋಡ್ತಿದ್ರಾ? ಬೆಳಿಗ್ಗೆ ಹಚ್ಕೊಂಡದ್ದನ್ನ ಇಲ್ಲಿ ಬಂದು ಒರೆಸೋದು, ಆಮೇಲೆ ಮುಖ ಕಾಯಿಸೋದು. ಇದೇನಾ ನೀವು ‘ನಾನೇ ಹಚ್ಕೋತೀನಿ’ ಅಂದದ್ದು?” ಅವಳು ಗಂಡನ ಕಡೆ ತಿರುಗಿದಳು. “ನೀವೂ ನೋಡ್ತಾ ನಿಂತಿದ್ರಾ?”

“ಅಪ್ಪ ಹೇಳಿದ್ಮೇಲೆ ನಾನೇನು ಮಾಡ್ಲಿ?” ಅಂದ ಗಂಡ ತಕ್ಕಡಿಯನ್ನೇ ನೋಡುತ್ತಾ. “ಬಣ್ಣ ಬರ್ಲಿ ಅಂತ... ನನಗೂ ಹೆದರಿಕೆ ಕಣೇ. ಮಾತ್ರೆ ನಿಂತುಹೋದ್ರೆ?”

“ಕೂಗಾಡಬೇಡ, ಗಿರಾಕಿಗಳಿಗೆ ಕೇಳುತ್ತೆ,” ಅಂದರು ಮಾವ. ಆಗಲೇ ಸದ್ದು ಕೇಳಿ ಅತ್ತೆ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಿದ್ದರು. ಮಾವನ ಈ ಕೆಲಸ ಅವರಿಗೂ ಹೊಸದಲ್ಲ ಎಂಬುದು ಮುಖದಲ್ಲೇ ಬರೆದಿತ್ತು. ಇಡೀ ಮನೆ ಸೇರಿಕೊಂಡು ತನ್ನೊಬ್ಬಳ ಬೆನ್ನ ಹಿಂದೆ ಮಾವನನ್ನು ಬೇಯಿಸುತ್ತಿದೆ. ಸೊಸೆಗೆ ಅಳು ಬಂತು, ಸಿಟ್ಟು ಬಂತು, ಯಾವುದು ಮೊದಲು ಬಂತೋ ಅವಳಿಗೇ ಗೊತ್ತಾಗಲಿಲ್ಲ.

ಗೋಡೆಯ ಪಕ್ಕದ ಕಪಾಟಿನಲ್ಲಿ, ಮಾರಲಾಗದ್ದನ್ನು ಇಡುವ ಅಡಿಯ ಹಲಗೆಯಲ್ಲಿ ಬೆಳಗಿನ ಒಂದು ಬ್ರೆಡ್ಡಿತ್ತು. ಉರಿ ಜಾಸ್ತಿಯಾಗಿ ಮೇಲೆ ಬೇಗ ಕೆಂಪಾಗಿದ್ದ ಬ್ರೆಡ್ಡು. ಅವಳು ಅದನ್ನು ತಂದು ಮಾವನ ಮುಂದಿನ ಮೇಜಿನ ಮೇಲಿಟ್ಟಳು.

“ಬಣ್ಣ ಹೇಗಿದೆ ಮಾವ?”

ಮಾವ ಬ್ರೆಡ್ಡನ್ನು ಪಕ್ಕಕ್ಕೆ ಸರಿಸಿದರು, ಸೊಸೆ ಮತ್ತೆ ಮುಂದಕ್ಕೆಳೆದಳು.

“ಚೆನ್ನಾಗಿದೆ ಅಲ್ವಾ? ಮಾರಲಾ ಇದನ್ನ? ಬೆಳಿಗ್ಗೆ ಇದೇ ಬ್ರೆಡ್ಡಿಗೆ ನಿಮ್ಮ ಮಗನಿಗೆ ಏನಂತ ಬೈದ್ರಿ? ನಾನು ಗಲ್ಲಾದಿಂದಲೇ ಕೇಳಿಸ್ಕೊಂಡೆ.” ಅವಳು ಚಾಕು ತೆಗೆದುಕೊಂಡು ನಡುವೆ ಕೊಯ್ದಳು. ಒಳಗೆ ಹಿಟ್ಟು ಹಸಿಹಸಿಯಾಗಿ ಚಾಕುವಿಗೆ ಅಂಟಿಕೊಂಡಿತು. “ಮೇಲಿನ ಬಣ್ಣ ನೋಡಿ ಒಳಗಿಂದು ಹೇಳೋಕಾಗಲ್ಲ ಅಂತ ನೀವೇ ತಾನೇ ಬೈದದ್ದು? ಬ್ರೆಡ್ಡಿಗೆ ಒಂದು ನ್ಯಾಯ, ನಿಮ್ಮ ಮೈಗೆ ಒಂದು ನ್ಯಾಯನಾ?”

ಮಾವ ಆ ಹಸಿ ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಹಿಟ್ಟಿನ ಚೀಲದ ಮೇಲೆ ಕುಸಿದು ಕೂತರು. ಊದಿದ ರೆಪ್ಪೆಗಳ ನಡುವೆ ಕಣ್ಣು ತೇವವಾಗಿತ್ತು.

“ಒಳಗೆ ಏನಾಗ್ತಿದೆ ಅಂತ ನನಗೆ ಯಾರು ಹೇಳ್ತಾರಮ್ಮಾ?” ಅಂದರು. “ಮುಖದ ಮೇಲೆ ಗುಳ್ಳೆ ಇದ್ದಾಗ, ಸದ್ಯ ಏನೋ ನಡೀತಿದೆ ಅಂತ ಧೈರ್ಯ ಇರ್ತಿತ್ತು. ಮುಖ ಖಾಲಿ ಆಯ್ತು, ನನ್ನ ಧೈರ್ಯಾನೂ ಖಾಲಿ ಆಯ್ತು. ಉರಿ ತಡ್ಕೋಬಹುದು. ಅದನ್ನ ತಡ್ಕೊಳ್ಳೋಕೆ ಆಗಲಿಲ್ಲ.”

ಮಗ ಎದ್ದು ಹೋಗಿ ಭಟ್ಟಿಯ ಬಾಗಿಲು ಮುಚ್ಚಿದ. ರಸ್ಕ್ ಒಂದು ಟ್ರೇ ಪೂರ್ತಿ ಸೀದುಹೋಗಿತ್ತು.

ಅದೇ ಸಂಜೆ ಮತ್ತೆ ಆಸ್ಪತ್ರೆ. ಡಾಕ್ಟರಮ್ಮ ಮುಖವನ್ನೂ ಬೆರಳುಗಳನ್ನೂ ನೋಡಿ ಹುಬ್ಬುಗಂಟಿಕ್ಕಿದರು. “ಮುಲಾಮು ಹಚ್ತಿದ್ರಿ ತಾನೇ?”

ಮಾವ ಏನೋ ಒಂದು ಕಥೆ ಕಟ್ಟುತ್ತಾರೆ ಎಂದುಕೊಂಡು ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರುಮಾಡಿದರು. ಮುಲಾಮು ಒರೆಸಿದ್ದು, ಕ್ಯಾಪ್ಸೂಲನ್ನು ಸಿಂಕಿಗೆ ಹಾಕಿದ್ದು, ಭಟ್ಟಿಗೆ ಮುಖ ಒಡ್ಡಿದ್ದು, ಒಂದನ್ನೂ ಬಿಡದೆ ಹೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು.

“ನೋಡಿ, ಮಾತ್ರೆ ಗಡ್ಡೆಗೆ, ಮುಲಾಮು ಚರ್ಮಕ್ಕೆ. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರಲ್ಲ. ಗುಳ್ಳೆ ಇಳಿದ್ರೆ ಮಾತ್ರೆ ನಿಲ್ಲಲ್ಲ. ಗುಳ್ಳೆ ಹೀಗೆ ಕೀವಾದ್ರೆ ಮಾತ್ರ ನಾನೇ ಮಾತ್ರೆ ನಿಲ್ಲಿಸಬೇಕಾಗುತ್ತೆ.” ಸ್ವಲ್ಪ ತಡೆದು ಹೇಳಿದರು: “ಈಗ ನಿಲ್ಲಿಸ್ತಿದ್ದೀನಿ. ಚರ್ಮ ಒಣಗೋವರೆಗೆ ಮಾತ್ರೆ ಬೇಡ. ಇನ್ನೊಂದು ಸಲ ಹೀಗಾದ್ರೆ ಡೋಸೇ ಇಳಿಸಬೇಕಾಗಬಹುದು.”

ಯಾವುದು ನಿಲ್ಲಬಾರದು ಎಂದು ಅಷ್ಟೆಲ್ಲ ಮಾಡಿದ್ದರೋ ಅದೇ ನಿಂತಿತು. ಬಸ್ಸಿನಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಮಾವ ಕಿಟಕಿಯ ಕಡೆಗೆ ಮುಖ ಮಾಡಿದ್ದರು. ಸೊಸೆಗೆ ಇಬ್ಬರ ಮೇಲೂ ಕನಿಕರ ಬಂತು, ಬೈಯಲು ಇಟ್ಟುಕೊಂಡಿದ್ದ ಮಾತನ್ನೆಲ್ಲ ಬಿಟ್ಟುಬಿಟ್ಟಳು.

ಮಾತ್ರೆಯಿಲ್ಲದ ಆ ದಿನಗಳು ಮನೆಗೆ ಭಾರವಾಗಿದ್ದವು, ಆದರೆ ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಮುಖ ಒಣಗಿದರೆ ತಾನೇ ಮಾತ್ರೆ? ನಿನ್ನೆಯವರೆಗೆ ಗುಳ್ಳೆ ಬೇಕು ಎಂದವರೆಲ್ಲ ಈಗ ಗುಳ್ಳೆಯ ಮೇಲೆ ಯುದ್ಧ ಸಾರಿದರು. ಅತ್ತೆ ದಿಂಬಿನ ಬಟ್ಟೆಯನ್ನು ದಿನವೂ ಒಗೆದು ಹಾಕಿದರು. ಸ್ನಾನದ ನೀರಿಗೆ ತಾವೇ ಕೈಯದ್ದಿ ನೋಡಿ, “ಬಿಸಿ ಆಯ್ತು, ಇನ್ನೊಂದು ಚೊಂಬು ತಣ್ಣೀರು,” ಎಂದು ಬಚ್ಚಲ ಬಾಗಿಲಲ್ಲಿ ಕಾವಲು ನಿಂತರು. ಮಗ ಭಟ್ಟಿಮನೆಗೂ ಮೆಟ್ಟಿಲಿಗೂ ನಡುವೆ ಒಂದು ಬಾಗಿಲು ಕೂಡಿಸಿ, ಒಳಗಿನಿಂದ ಚಿಲಕ ಹಾಕಿಕೊಂಡ. ಚೂಟಿ ಔಷಧಿ ಅಂಗಡಿಯಿಂದ ಹತ್ತಿಯ ಕೈಗವಸು ತಂದು, ಕ್ರೀಮು ಹಚ್ಚಿದ ಬೆರಳುಗಳಿಗೆ ತೊಡಿಸಿ, “ತಾತ, ಈಗ ನೀವು ಟ್ರಾಫಿಕ್ ಪೊಲೀಸ್,” ಅಂದಳು. ಮಾವ ಎರಡೂ ಕೈ ಎತ್ತಿ ಅತ್ತೆಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಊಟವಾಗಿ ಸೊಸೆ ಪಾತ್ರೆಗಳನ್ನು ಸಿಂಕಿಗೆ ಹಾಕುತ್ತಿದ್ದಾಗ ಅತ್ತೆ ಪಕ್ಕಕ್ಕೆ ಬಂದು ನಿಂತರು.

“ಅವತ್ತು ನಾನು ಆಡಿದ ಮಾತು ತಪ್ಪು.”

“ಯಾವ ಮಾತು ಅತ್ತೆ?”

“ನಾಟಕ ಆಡಬೇಡ. ಒಂದಕ್ಷರ ಬಿಡದೆ ನೆನಪಿಟ್ಕೊಂಡಿರ್ತೀಯ ನೀನು.”

ಸೊಸೆಗೆ ನಗು ತಡೆಯಲಾಗಲಿಲ್ಲ. “ನೆನಪಿದೆ. ಇವತ್ತು ಪಾತ್ರೆ ನೀವು ತೊಳೆದ್ರೆ ಮರೀತೀನಿ.”

“ಅಷ್ಟೇ ತಾನೇ?” ಎಂದು ಅತ್ತೆ ತೋಳು ಮೇಲೇರಿಸಿದರು. ಕೈ ನೀರಲ್ಲಿದ್ದಾಗ, ತಲೆ ಎತ್ತದೆಯೇ ಇನ್ನೊಂದು ಮಾತು ಹೇಳಿದರು: “ಅವರಿಲ್ಲದೆ ನನಗೆ ಮನೆಯಲ್ಲಿ ಇರೋಕೆ ಬರಲ್ಲ ಕಣೇ. ಅದಕ್ಕೇ ಏನೇನೋ ಆಡಿದೆ.” ಸೊಸೆ ಒರೆಸುವ ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತಳು. ಇಬ್ಬರೂ ಸೇರಿ ಇಡೀ ರಾಶಿಯನ್ನು ಮುಗಿಸಿದರು.

ಚರ್ಮ ಒಣಗಿತು. ಮಾತ್ರೆ ಮತ್ತೆ ಶುರುವಾಯಿತು, ಡೋಸು ಇಳಿಸದೆ. ಗುಳ್ಳೆಗಳೂ ನಾಲ್ಕಾರು ಎದ್ದವು, ಸೊಸೆಯ ಮುಲಾಮಿಗೆ ಅಲ್ಲಲ್ಲೇ ಅಡಗಿದವು. ಮಾವ ಈಗ ಮುಂದಿನ ಅಂಗಡಿಯಲ್ಲಿ, ನೆರಳಿರುವ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆ ಬನ್ ಕಟ್ಟಿಕೊಡುವರು, ಹಿಂದಿನಿಂದ ಬಂದ ಪ್ರತಿಯೊಂದು ಬ್ರೆಡ್ಡನ್ನೂ ಮಗುಚಿ ತಳ ತಟ್ಟಿ ನೋಡಿ ಮಗನಿಗೆ ಕೇಳುವ ಹಾಗೆ ಟೀಕೆ ಮಾಡುವರು. ಅವರ ಹೆದರಿಕೆ ಹೋಯಿತೆಂದಲ್ಲ. ಕೆಲವು ದಿನ ಬೆಳಿಗ್ಗೆ ಮುಲಾಮಿನ ಹೊತ್ತಿಗೆ ಸೊಸೆಯ ಕೈ ಹಿಡಿದು ನಿಲ್ಲಿಸಿ, “ನಿಜವಾಗ್ಲೂ ಅಡ್ಡ ಬರಲ್ಲ ತಾನೇ?” ಎಂದು ಕೇಳುವರು. “ಬರಲ್ಲ ಮಾವ,” ಅನ್ನುವಳು. ಅವರು ಕೈ ಬಿಡುವರು. ಸೊಸೆಗೂ ಒಳಗೊಳಗೇ ಅಳುಕಿತ್ತು. ಡಾಕ್ಟರಮ್ಮ ಹೇಳಿದ್ದಾರೆ ಎಂಬುದನ್ನು ಬಿಟ್ಟರೆ ಅವಳ ಕೈಯಲ್ಲಾದರೂ ಏನಿತ್ತು?

ಸ್ಕ್ಯಾನ್ ಆಯಿತು. ವರದಿ ಕೇಳಲು ಮೂವರೂ ಹೋದರು. ಆ ದಿನ ಮಾವನ ಮುಖದಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಅದಕ್ಕೇ ಅತ್ತೆ ಮತ್ತೆ ಮತ್ತೆ ಆ ಮುಖವನ್ನೇ ತಿರುಗಿ ನೋಡುತ್ತಿದ್ದರು. ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿ ಎರಡು ಚಿತ್ರಗಳನ್ನು ಪಕ್ಕಪಕ್ಕ ತೋರಿಸಿದರು. ಮೊದಲಿನದು, ಈಗಿನದು. ಗಡ್ಡೆ ಅರ್ಧಕ್ಕಿಂತ ಚಿಕ್ಕದಾಗಿತ್ತು.

“ಪೂರ್ತಿ ಹೋಗಿಲ್ಲ. ಮಾತ್ರೆ ಮುಂದುವರಿಸಬೇಕು, ನೋಡ್ತಾ ಇರಬೇಕು. ಆದರೆ ಇದು ತುಂಬಾ ಒಳ್ಳೇ ಸುದ್ದಿ,” ಅಂದರು.

ಮಾವ ಪರದೆಯನ್ನು ನೋಡಿದರು, ತಮ್ಮ ಕೆನ್ನೆಯನ್ನು ಮುಟ್ಟಿಕೊಂಡರು, ಮತ್ತೆ ಪರದೆಯನ್ನು ನೋಡಿದರು. ಅತ್ತೆ ಡಾಕ್ಟರಮ್ಮನ ಎದುರೇ ಗೊಳೋ ಎಂದು ಅತ್ತರು. ಸೊಸೆ ಅವರ ಬೆನ್ನು ಸವರುತ್ತಾ ತಾನೂ ಅತ್ತಳು.

ಔಷಧಿಯ ಕೌಂಟರಿನ ಮುಂದಿನ ಬೆಂಚಿನಲ್ಲಿ ಕಾಯುತ್ತಿದ್ದಾಗ ಪಕ್ಕಕ್ಕೆ ಒಬ್ಬ ಮನುಷ್ಯ ಬಂದು ಕೂತ. ಸುಮಾರು ಐವತ್ತು ವರ್ಷ, ಬಸ್ಸಿನ ಡ್ರೈವರನ ಖಾಕಿ ಅಂಗಿ, ಕುತ್ತಿಗೆಯಿಂದ ಮೂಗಿನವರೆಗೂ ಸುತ್ತಿದ ಮಫ್ಲರು. ಮಾವನ ಕೈಯಲ್ಲಿದ್ದ ಮಾತ್ರೆಯ ಡಬ್ಬಿ ನೋಡಿ, “ನಿಮ್ಮದೂ ಇದೇನಾ?” ಎಂದು ಮಫ್ಲರು ಇಳಿಸಿದ. ಅವನ ಮುಖ ತುಂಬ ಕೆಂಪು ಗುಳ್ಳೆ, ಕೆಲವು ಕೀವಾಗಿದ್ದವು. ಅವನು ಮಾವನ ನುಣ್ಣನೆಯ ಮುಖವನ್ನು ನೋಡಿದ. ಅವನ ಕಣ್ಣಲ್ಲಿ ಮರುಕ ತುಂಬಿಕೊಂಡಿತು.

“ಪಾಪ, ನಿಮಗೆ ಹತ್ತಲಿಲ್ಲ ಅಲ್ವಾ ಯಜಮಾನ್ರೇ?”

ಅತ್ತೆ ಜಗಳಕ್ಕೆ ಸಿದ್ಧರಾಗಿ ಸೆರಗು ಸರಿಮಾಡಿಕೊಂಡರು. ಮಾವ ಕೈಯೆತ್ತಿ ತಡೆದರು. “ಹತ್ತಿದೆ ಸ್ವಾಮಿ. ಈಗಷ್ಟೇ ನೋಡ್ಕೊಂಡು ಬಂದೆ. ಗಡ್ಡೆ ಅರ್ಧಕ್ಕಿಂತ ಚಿಕ್ಕದಾಗಿದೆ. ನೀವು ಇದಕ್ಕೆ ಏನಾದ್ರೂ ಹಚ್ತಿದ್ದೀರಾ?”

“ಕೊಟ್ಟಿದ್ದಾರೆ. ಹಚ್ಚಿಲ್ಲ.” ಡ್ರೈವರ್ ಸುತ್ತ ನೋಡಿ ದನಿ ತಗ್ಗಿಸಿದ. “ಹಚ್ಚಿದ್ರೆ ಇದು ಹೋಗಿಬಿಡುತ್ತಂತೆ. ಆಮೇಲೆ ಒಳಗೆ ಏನಾಗ್ತಿದೆ ಅಂತ ನನಗೆ ಗೊತ್ತಾಗೋದು ಹೇಗೆ?”

ಸೊಸೆ ಮಾವನ ಕಡೆ ನೋಡಿದಳು.

“ಗೊತ್ತಾಗಲ್ಲ,” ಅಂದರು ಮಾವ. “ಸ್ಕ್ಯಾನ್ ಮಾಡೋವರೆಗೂ ಯಾರಿಗೂ ಗೊತ್ತಾಗಲ್ಲ. ನನಗೂ ಗೊತ್ತಿರಲಿಲ್ಲ. ಹೆದರಿಕೆ ಆಗುತ್ತೆ, ಆಗ್ಲಿ. ಹೆದರಿಕೆ ಇಟ್ಕೊಂಡೇ ಊಟ ಮಾಡಿ, ಹೆದರಿಕೆ ಇಟ್ಕೊಂಡೇ ಮುಲಾಮು ಹಚ್ಕೊಳ್ಳಿ. ನಾನು ಹಚ್ಚದೆ ಬಿಟ್ಟು ಮಾತ್ರೇನೇ ನಿಲ್ಲಿಸಿಕೊಂಡವನು.” ಅವರು ಡ್ರೈವರನ ಉಗುರಿನ ಊತವನ್ನು ನೋಡಿದರು. “ಇದನ್ನ ಡಾಕ್ಟರಮ್ಮನಿಗೆ ತೋರಿಸಿದ್ರಾ?”

“ಇಲ್ಲ. ಮುಂದಿನ ತಿಂಗಳು ಬರೋದಿದೆ. ಇವತ್ತು ಮಾತ್ರೆಗಷ್ಟೇ ಬಂದೆ.”

“ಏಳಿ.” ಮಾವ ಎದ್ದು ನಿಂತರು. “ಇಲ್ಲೇ ಎರಡನೇ ಬಾಗಿಲು. ನೀವು ಹೇಳದಿದ್ರೆ ನಾನು ಹೇಳ್ತೀನಿ.”

“ಎಲ್ಲಿಗ್ರೀ?” ಅಂದರು ಅತ್ತೆ. “ಬಸ್ ಹೋಗಿಬಿಡುತ್ತೆ!”

“ಹೋಗ್ಲಿ ಬಿಡೇ. ಇನ್ನೊಂದು ಬಸ್ಸಿಗೆ ಹೋಗೋಣ,” ಅಂದರು ಮಾವ, ಡ್ರೈವರನ ತೋಳು ಹಿಡಿದು ನಡೆಯುತ್ತಾ. “ಈಗ ನಂಗೆ ಟೈಮಿದೆ.”

ಅತ್ತೆ ಇನ್ನೇನೋ ಹೇಳಲು ಹೋದವರು ಆ ಮಾತನ್ನು ಕೇಳಿ ಅಲ್ಲೇ ನಿಂತರು. ಆಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತು, ಸೊಸೆಗೂ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.